ನಡುಮನೆಯಲ್ಲಿ ನಿಂತ ಕಾರು

ನಮ್ಮ ಮನೆಗೆ ಬಂದವರು ಮೊದಲು ಕಾರಿಗೆ ಬಟ್ಟೆ ತಾಗದಂತೆ ಗೋಡೆಯ ಕಡೆಗೆ ಸರಿದು, ಹೊಟ್ಟೆ ಎಳೆದುಕೊಂಡು, ಆಮೇಲೆ ಒಳಗೆ ಬರಬೇಕಿತ್ತು. ರಿಪ್ಪನ್‌ಪೇಟೆಯಲ್ಲಿ ಹೊಸನಗರದ ರಸ್ತೆಗೆ ಮುಖ ಮಾಡಿದ್ದ ಆ ಮನೆ ಹಿಂದೆ ಯಾರದೋ ಅಕ್ಕಿ ಅಂಗಡಿಯಾಗಿತ್ತಂತೆ. ಮುಂಭಾಗಕ್ಕೆ ಗೋಡೆಯ ಬದಲು ಒಂದರ ಪಕ್ಕಕ್ಕೊಂದು ಜೋಡಿಸುವ ಹಲಗೆಗಳಿದ್ದವು. ಅಪ್ಪಯ್ಯ ಕಾರು ತಂದಾಗ ಅದಕ್ಕೊಂದು ಕೊಟ್ಟಿಗೆ ಕಟ್ಟಿಸುವ ಶಕ್ತಿ ಇರಲಿಲ್ಲ. ಹಲಗೆಗಳನ್ನು ತೆಗೆದಿಟ್ಟು, ಹೊಸ್ತಿಲು ಕಿತ್ತು, ಮಣ್ಣು ತುಂಬಿ ದಮ್ಮಸ್ಸು ಮಾಡಿ, ಕಾರನ್ನು ಸೀದಾ ನಡುಮನೆಗೆ ತಂದು ನಿಲ್ಲಿಸಿದ. ಹೊಸ್ತಿಲು ಕಿತ್ತಿದ್ದಕ್ಕೆ ಅಪ್ಪಯ್ಯನ ತಾಯಿ, ನನ್ನ ಅಜ್ಜಿ, ಮಗನ ಜೊತೆ ಮಾತು ಬಿಟ್ಟಳು. ಕಡೆಗೆ ಅವಳೇ ಒಂದು ದಾರಿ ಹುಡುಕಿಕೊಂಡು ಕಾರಿನ ಮುಂದಿನ ಬಂಪರಿಗೆ ಅರಿಶಿನ ಕುಂಕುಮ ಹಚ್ಚಿ, ಅದರ ಮುಂದೆ ಒಂದು ಚಿಕ್ಕ ರಂಗೋಲಿ ಎಳೆದು, ಅದನ್ನೇ ಹೊಸ್ತಿಲು ಮಾಡಿಕೊಂಡಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾರು ಬಾಡಿಗೆಗೆ ಹೋಗಿದ್ದರೆ ಅವಳಿಗೆ ಸಮಾಧಾನವಿರುತ್ತಿರಲಿಲ್ಲ. ಹೊಸ್ತಿಲು ಇನ್ನೂ ಮನೆಗೆ ಬಂದಿಲ್ಲವಲ್ಲ ಎಂದು ರಸ್ತೆಯನ್ನೇ ನೋಡುತ್ತಿದ್ದಳು.

ಕೊಪ್ಪದ ಕಡೆಯ ತೋಟದ ಸಾಹುಕಾರರೊಬ್ಬರು ಆಸೆಯಿಂದ ತರಿಸಿ ಓಡಿಸಿದ್ದ ವಿಲಾಯಿತಿ ಕಾರು ಅದು. ಅವರಿಂದ ಒಬ್ಬ ಡಾಕ್ಟರರು ಕೊಂಡರು. ಡಾಕ್ಟರರಿಗೂ ಸಾಕಾದ ಮೇಲೆ ಅಪ್ಪಯ್ಯನ ಕೈಗೆ ಬಂತು. ತೀರಾ ಚಿಕ್ಕದೂ ಅಲ್ಲ, ಸಾಹುಕಾರರ ಮನೆಯ ಹಡಗಿನಂಥ ದೊಡ್ಡ ಕಾರೂ ಅಲ್ಲ. ಮುಂದೆ ಇಬ್ಬರು, ಹಿಂದೆ ಮೂವರು ಆರಾಮಾಗಿ ಕೂರುವಷ್ಟು ಜಾಗ. ಮದುವೆ ಬಾಡಿಗೆಗೆ ಹೋದಾಗ ಅದರಿಂದ ಇಳಿಯುವವರನ್ನು ನೋಡಿದರೆ ಇಳಿಯುವುದು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತಿತ್ತು. ಮಾಸಿದ ಹಸಿರು ಬಣ್ಣ. ಬಲಗಡೆಯ ಹಿಂಬಾಗಿಲು ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿದ್ದರಿಂದ ಅದಕ್ಕೆ ತೆಂಗಿನ ಹಗ್ಗ ಕಟ್ಟಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಹಿಂದಿನ ಸೀಟಿನಲ್ಲಿ ಕಾಲು ಮಡಿಚಿ ಮಲಗುತ್ತಿದ್ದಳು. ಮನೆಯಲ್ಲಿ ಮೆತ್ತನೆಯ ಹಾಸಿಗೆ ಅಂತ ಇದ್ದದ್ದು ಅದೊಂದೇ. ನಾನು ಮುಂದಿನ ಸೀಟಿನಲ್ಲಿ ಮೊಣಕಾಲೂರಿ ಕೂತು ಮಗ್ಗಿ ಬರೆಯುತ್ತಿದ್ದೆ. ನಮ್ಮ ಬಟ್ಟೆ, ತಲೆಕೂದಲು, ಪುಸ್ತಕ ಎಲ್ಲಕ್ಕೂ ಪೆಟ್ರೋಲಿನ ವಾಸನೆ. ಶಾಲೆಯಲ್ಲಿ ಕಣ್ಣು ಮುಚ್ಚಿಕೊಂಡೇ ನನ್ನನ್ನು ಗುರುತು ಹಿಡಿಯುತ್ತಿದ್ದರು.

ಕಾರಿಗೆ ಏನಾದರೂ ಒಂದು ಇದ್ದೇ ಇರುತ್ತಿತ್ತು. ರೇಡಿಯೇಟರ್ ಸೋರುತ್ತಿತ್ತು. ಸ್ವಲ್ಪ ಏರು ಬಂದರೆ ನೀರು ಕುದಿದು ಬಾನೆಟ್ಟಿನ ಸಂದಿಯಿಂದ ಹಬೆ ಏಳುತ್ತಿತ್ತು. ಬೆಳಿಗ್ಗೆ ಚಳಿಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಅಪ್ಪಯ್ಯ ಮುಂದುಗಡೆ ಹ್ಯಾಂಡಲ್ ಸಿಕ್ಕಿಸಿ ತಿರುಗಿಸಿ ತಿರುಗಿಸಿ ಬೆವರುತ್ತಿದ್ದ. ಹಿಂದಿನ ಸ್ಪ್ರಿಂಗಿನ ಪಟ್ಟಿ ಮುರಿದು, ಅದಕ್ಕೆ ಮರದ ತುಂಡು ಕೊಟ್ಟು ಕಟ್ಟಿದ್ದರಿಂದ ಕಾರು ಸದಾ ಒಂದು ಕಡೆ ವಾಲಿಕೊಂಡಿರುತ್ತಿತ್ತು. ಇವಕ್ಕೆಲ್ಲ ಅಪ್ಪಯ್ಯನ ಔಷಧಿ ಅಡುಗೆಮನೆಯಲ್ಲೇ ಇತ್ತು. ರೇಡಿಯೇಟರ್ ಸೋರಿದರೆ ಅಮ್ಮನ ಡಬ್ಬಿಯಿಂದ ಅರಿಶಿನ ಪುಡಿ ತೆಗೆದು ನೀರಿಗೆ ಸುರಿಯುತ್ತಿದ್ದ. ಅದು ತೂತಿನ ಬಾಯಿಗೆ ಹೋಗಿ ಕೂತು ಒಂದಷ್ಟು ದಿನ ತಡೆಯುತ್ತಿತ್ತು. ಪೆಟ್ರೋಲ್ ಟ್ಯಾಂಕು ಒಸರಿದರೆ ಬಟ್ಟೆ ಸೋಪು ಮೆತ್ತುತ್ತಿದ್ದ. ಪ್ಲಗ್ಗುಗಳು ಒದ್ದೆಯಾದರೆ ಬಿಚ್ಚಿ ತಂದು ಒಲೆಯ ಮುಂದೆ ಸಾಲಾಗಿ ಇಡುತ್ತಿದ್ದ. ಅದೇ ಕೆಂಡದಲ್ಲಿ ಅಮ್ಮ ಹಪ್ಪಳ ಸುಡುತ್ತಿರುವಾಗ ಇಬ್ಬರಿಗೂ ಇಕ್ಕಳದ ವಿಚಾರಕ್ಕೆ ಜಗಳವಾಗುತ್ತಿತ್ತು.

ಅಮ್ಮ ಕಾರನ್ನು ದ್ವೇಷಿಸುತ್ತಿದ್ದಳು ಅಂದರೆ ಸುಳ್ಳಾಗುತ್ತದೆ. ಆಯುಧಪೂಜೆಯ ದಿನ ಅದಕ್ಕೆ ಎಣ್ಣೆ ಹಚ್ಚಿ ಉಜ್ಜಿ, ಚೆಂಡುಹೂವಿನ ಮಾಲೆ ಕಟ್ಟಿ, ದೃಷ್ಟಿ ತೆಗೆಯುತ್ತಿದ್ದವಳು ಅವಳೇ. ಆದರೆ ಕಾರಿನ ಖರ್ಚು ಅವಳಿಗೆ ಗೊತ್ತಾಗುವಷ್ಟು ಅಪ್ಪಯ್ಯನಿಗೆ ಗೊತ್ತಾಗುತ್ತಿರಲಿಲ್ಲ. ಡೈನಮೋ ಸುಟ್ಟ ತಿಂಗಳು ನಮ್ಮ ಊಟಕ್ಕೆ ತುಪ್ಪವಿರಲಿಲ್ಲ. ಟೈರು ಬದಲಾಯಿಸಿದ ವರ್ಷ ಯುಗಾದಿಗೆ ಹೊಸ ಲಂಗ ಬರಲಿಲ್ಲ. ಕ್ಲಚ್ಚಿನ ಪ್ಲೇಟು ಸವೆದಾಗ ಬೇಳೆ ಹಾಕದ ಬರೀ ಹುಳಿನೀರಿನ ಸಾರು ಎಷ್ಟು ಕಾಲ ನಡೆಯಿತೋ. ಸಾರಿನ ಬಣ್ಣ ನೋಡಿಯೇ ಕಾರಿಗೆ ಎಲ್ಲಿ ನೋವಾಗಿದೆ ಎಂದು ನಾನು ಊಹಿಸುತ್ತಿದ್ದೆ. ಅಮ್ಮ ಒಂದು ದಿನ ಬಡಿಸುತ್ತಾ ಹೇಳಿದಳು:

“ನಿಮ್ಮ ಗಾಡಿಗೆ ಮೈ ಹುಷಾರಿಲ್ದಿದ್ರೆ ಪಥ್ಯ ನಮ್ಗೆ.”

ಅಪ್ಪಯ್ಯ ಗಟ್ಟಿಯಾಗಿ ನಕ್ಕ. ಅವನಿಗೆ ನಗು ಬೇಗ ಬರುತ್ತಿತ್ತು.

“ಗಾಡಿ ಅಂದ್ರೆ ಮನುಷ್ಯರ ಹಂಗೇ ಕಣೆ ಗಿರಿಜಾ. ಸಣ್ಣಪುಟ್ಟದಕ್ಕೆಲ್ಲ ಆಸ್ಪತ್ರೆಗೆ ಓಡಿದ್ರೆ ಆಗ್ತದಾ? ಮನೆಮದ್ದಲ್ಲೇ ಸುಧಾರಿಸ್ಬೇಕು.”

ರಿಪೇರಿಯ ಹೊತ್ತಿಗೆ ಅಮ್ಮನೇ ಅವನ ಪಕ್ಕ ನಿಲ್ಲುತ್ತಿದ್ದಳು. ಬಿಚ್ಚಿದ ನಟ್ಟು, ಸ್ಪ್ರಿಂಗು, ಚಿಕ್ಕ ಚಿಕ್ಕ ವಸ್ತುಗಳು ನೆಲದಲ್ಲಿ ಉರುಳಿ ಕಳೆದುಹೋಗದಂತೆ ಸೆರಗು ಒಡ್ಡಿ ಹಿಡಿದುಕೊಳ್ಳುವುದು ಅವಳ ಕೆಲಸ. ಅಪ್ಪಯ್ಯನಿಗೆ ಕೆಲಸ ಮಾಡುತ್ತಾ ಮಾತಾಡುವ ಚಟ. ಪ್ರತಿಯೊಂದನ್ನೂ ಅವಳ ಸೆರಗಿಗೆ ಹಾಕುತ್ತಾ ಅದರ ಹೆಸರು, ಕೆಲಸ, ಅದು ಕೆಟ್ಟರೆ ಆಗುವ ಅನಾಹುತ ಎಲ್ಲ ಹೇಳುತ್ತಿದ್ದ. ಒಮ್ಮೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಕಂದು ಬಣ್ಣದ ತುಂಡೊಂದನ್ನು ಎತ್ತಿ ತೋರಿಸಿ, “ಇದು ರೋಟರ್. ಇದು ತಿರುಗಿದ್ರೆ ಪ್ಲಗ್ಗಿಗೆ ಕರೆಂಟು. ಇದಿಲ್ದಿದ್ರೆ ಇಷ್ಟು ದೊಡ್ಡ ಗಾಡಿ ಬರೀ ತಗಡು” ಅಂದಿದ್ದ. ಅಮ್ಮ ಹೂಂ ಅಂದಿದ್ದಳು.

ಇಷ್ಟೆಲ್ಲ ಕಾಯಿಲೆಗಳ ನಡುವೆ ಬ್ರೇಕಿನ ಕಾಯಿಲೆ ನಿಧಾನವಾಗಿ ಬಂದದ್ದು ಯಾರ ಗಮನಕ್ಕೂ ಸರಿಯಾಗಿ ಬರಲಿಲ್ಲ. ಮೊದಲು ಒಮ್ಮೆ ಒತ್ತಿದರೆ ಹಿಡಿಯುತ್ತಿದ್ದ ಬ್ರೇಕು ಆಮೇಲಾಮೇಲೆ ಪಟಪಟನೆ ಮತ್ತೆ ಮತ್ತೆ ತುಳಿದರೆ ಮಾತ್ರ ಹಿಡಿಯತೊಡಗಿತು. ಬ್ರೇಕಿನ ಎಣ್ಣೆ ಕಡಿಮೆಯಾದಾಗ ಅಪ್ಪಯ್ಯ ಅಜ್ಜಿಯ ಹರಳೆಣ್ಣೆ ಶೀಸೆಯಿಂದ ಸುರಿದ. ಒಳಗಿನ ರಬ್ಬರ್ ವಾಷರುಗಳು ಸವೆದಿದ್ದವು. ಹೊಸದನ್ನು ಸಾಗರದ ಅಂಗಡಿಯಿಂದ ತರಬೇಕಿತ್ತು. ಅವನು ಹಳೆಯ ಟ್ಯೂಬಿನಿಂದ ದುಂಡಗೆ ಕತ್ತರಿಸಿ ಹಾಕಿದ. ಹಿಡಿಯಿತು. ಹಿಡಿದದ್ದೇ ಅವನಿಗೆ ಧೈರ್ಯ ಕೊಟ್ಟಿತು.

ಅಮ್ಮನ ತಂಗಿ ಶಾರದಾ ಚಿಕ್ಕಮ್ಮನನ್ನು ಹೊಸನಗರಕ್ಕೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಅವಳನ್ನು ಹೆರಿಗೆಗೆ ಮೇಗರವಳ್ಳಿಯ ತವರಿಗೆ ಕರೆದುಕೊಂಡು ಹೋಗಬೇಕಿತ್ತು. ಬಸ್ಸಿನ ಕುಲುಕಾಟ ಬೇಡ, ನಮ್ಮದೇ ಗಾಡಿ ಇದೆಯಲ್ಲ ಎಂದು ಅಪ್ಪಯ್ಯನೇ ಹುರುಪಿನಿಂದ ಹೊರಟ. ಬೇಸಿಗೆಯ ಶುರು. ಕೆಂಪು ಧೂಳು ಒಳಗೆ ಬರದಂತೆ ಕಿಟಕಿಗೆ ಅಮ್ಮ ಸೀರೆ ಕಟ್ಟಿದ್ದಳು. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ, ಅಮ್ಮ; ನಾನು ಮುಂದೆ. ತೀರ್ಥಹಳ್ಳಿಯಲ್ಲಿ ನಿಲ್ಲಿಸಿ ಅವಲಕ್ಕಿ ತಿಂದು, ಕಾರಿಗೂ ನೀರು ಕುಡಿಸಿ, ಆಗುಂಬೆಯ ದಾರಿ ಹಿಡಿದೆವು. ಮೇಗರವಳ್ಳಿ ಇನ್ನೇನು ಸ್ವಲ್ಪ ದೂರವಿದೆ ಅನ್ನುವಾಗ ಒಂದು ಉದ್ದನೆಯ ಇಳಿಜಾರು. ಕೆಳಗೆ ತಿರುವಿನಲ್ಲಿ ಕಿರಿದಾದ ಮೋರಿ, ಹಳ್ಳದ ಸಣ್ಣ ಸೇತುವೆ. ಆ ಮೋರಿಯ ಮೇಲೆ ಒಣಹುಲ್ಲು ಹೇರಿದ ಎತ್ತಿನ ಗಾಡಿಯೊಂದು ನಿಧಾನವಾಗಿ ಹೋಗುತ್ತಿತ್ತು.

ನಾನು ಅಪ್ಪಯ್ಯನ ಪಕ್ಕದಲ್ಲೇ ಇದ್ದುದರಿಂದ ಅವನ ಕಾಲನ್ನು ನೋಡಿದೆ. ಒತ್ತಿದ. ಮತ್ತೆ ಒತ್ತಿದ. ಆಮೇಲೆ ಪೆಡಲು ನೆಲಕ್ಕೆ ಹೋಗಿ ಅಲ್ಲೇ ಉಳಿಯಿತು. ಗೇರು ಇಳಿಸಿದ, ಇಂಜಿನ್ನು ಕಿರುಚಿತು. ಕೈಬ್ರೇಕು ಎಳೆದ. ವೇಗ ಸ್ವಲ್ಪ ಕಡಿಮೆಯಾಯಿತು, ಆದರೆ ಎತ್ತಿನ ಗಾಡಿ ಹತ್ತಿರ ಬರುತ್ತಲೇ ಇತ್ತು. ಹುಲ್ಲಿನ ಕಟ್ಟುಗಳ ಮೇಲೆ ಕೂತಿದ್ದವನು ತಿರುಗಿ ನೋಡಿದ್ದು ನನಗೆ ಈಗಲೂ ಕಾಣುತ್ತದೆ. ಅಪ್ಪಯ್ಯ ಸ್ಟೀರಿಂಗನ್ನು ಎಡಕ್ಕೆ ಎಳೆದು ಕಾರಿನ ಪಕ್ಕೆಯನ್ನು ರಸ್ತೆ ಬದಿಯ ಎತ್ತರದ ದರೆಯ ಮಣ್ಣಿಗೆ ಉಜ್ಜಿಸಿದ. ಬೇರುಗಳು ಮುರಿಯುವ ಸದ್ದು, ಧೂಳು, ಮತ್ತೊಂದು ಕುಲುಕು. ಕಾರು ಮೋರಿಯ ಕಲ್ಲಿಗೆ ಮುಟ್ಟುವ ಮೊದಲು ನಿಂತಿತು.

ಮೊದಲು ಕೇಳಿದ್ದು ಅಮ್ಮನ ದನಿ.

“ಶಾರದಾ, ಹೊಟ್ಟೆ ನೋಯ್ತಿದ್ಯನೆ?”

“ಇಲ್ಲ ಅಕ್ಕಾ. ಒಳಗೆ ಒದೀತಾ ಇದೆ. ಜೋರಾಗಿ ಒದೀತಾ ಇದೆ.” ಚಿಕ್ಕಮ್ಮ ಅಳುತ್ತಲೂ ನಗುತ್ತಲೂ ಇದ್ದಳು.

ಅಪ್ಪಯ್ಯ ಸ್ಟೀರಿಂಗಿನ ಮೇಲಿಂದ ಕೈ ತೆಗೆಯಲಿಲ್ಲ. ತಿರುಗಿಯೂ ನೋಡಲಿಲ್ಲ. “ಏನೂ ಆಗ್ಲಿಲ್ಲಲ್ಲ” ಅಂದ. ಅವನಿಗೆ ಅವನೇ ಹೇಳಿಕೊಂಡ ಮಾತದು. ಅಮ್ಮನ ಕಿವಿಗೆ ಹಾಗೆ ಕೇಳಲಿಲ್ಲ. ಅವಳು ಹಗ್ಗ ಬಿಚ್ಚಿ ಬಾಗಿಲು ತೆಗೆದು ಇಳಿದಳು. ತಂಗಿಯ ಕೈ ಹಿಡಿದು ಇಳಿಸಿಕೊಂಡಳು. ಹುಲ್ಲಿನ ಗಾಡಿಯವನನ್ನು ಕೂಗಿ ನಿಲ್ಲಿಸಿ, ಹುಲ್ಲಿನ ಮೇಲೆ ಚಿಕ್ಕಮ್ಮನನ್ನು ಕೂರಿಸಿ, ನನ್ನನ್ನೂ ಹತ್ತಿಸಿ, ತಾನು ಪಕ್ಕದಲ್ಲಿ ನಡೆದುಕೊಂಡು ತವರು ಸೇರಿದಳು. ಅಪ್ಪಯ್ಯ ಹಿಂದಿನಿಂದ ಒಬ್ಬನೇ ಕಾರನ್ನು ತೆವಳಿಸಿಕೊಂಡು ಬಂದ. ಮಾರನೆಯ ದಿನ ಕಾರನ್ನು ನಿಧಾನವಾಗಿ ಓಡಿಸಿಕೊಂಡು ರಿಪ್ಪನ್‌ಪೇಟೆಗೆ ಹೊರಟುಹೋದ. ಚಿಕ್ಕಮ್ಮನಿಗೆ ಸುಖವಾಗಿ ಹೆಣ್ಣು ಮಗು ಹುಟ್ಟಿತು. ಮಗುವನ್ನು ನೋಡಿಕೊಂಡು ನಾನೂ ಅಮ್ಮನೂ ಬಸ್ಸಿನಲ್ಲಿ ವಾಪಸು ಬಂದೆವು.

ಬಂದಾಗ ಕಾರು ನಡುಮನೆಯಲ್ಲಿ ತೊಳೆದು ನಿಂತಿತ್ತು. ದರೆಗೆ ಉಜ್ಜಿದ ಕಡೆ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಅಮ್ಮ ಗಂಟು ಕೆಳಗಿಡುವ ಮೊದಲೇ ಕೇಳಿದಳು.

“ಬ್ರೇಕು?”

“ಸರಿ ಮಾಡಿದೀನಿ.”

“ಎಂತ ಹಾಕಿ?”

ಅಪ್ಪಯ್ಯ ಒರೆಸುವ ಬಟ್ಟೆಯನ್ನು ಕೊಡವಿದ. “ಈ ಸಲ ದಪ್ಪ ಟ್ಯೂಬು. ಲಾರಿದು. ನಾಳೆ ಜವಳಿ ಅಂಗಡಿ ರಾಮಣ್ಣೋರ ಮಗ್ಳನ್ನ ಸಾಗರಕ್ಕೆ ಬಿಡೋ ಬಾಡಿಗೆ ಇದೆ. ಬಾಣಂತಿ, ಗಂಡನ ಮನೆಗೆ ಹೋಗ್ಬೇಕು. ಅದು ಮುಗೀಲಿ, ಹೊಸ ಸೆಟ್ಟೇ ಹಾಕಿಸ್ತೀನಿ.”

“ಕೂಸೂ ಇರ್ತದಲ್ಲ ಅವ್ಳ ಕೈಲಿ.”

“ಇರ್ತದೆ. ಅದಕ್ಕೇನೀಗ?”

ಅಮ್ಮ ಕೈಕಾಲು ತೊಳೆದು ಅಡುಗೆಗೆ ನಿಂತಳು. ಆ ಸಂಜೆ ಅಪ್ಪಯ್ಯ ಪೇಟೆಗೆ ಹೋದಾಗ ಬಾನೆಟ್ಟು ಎತ್ತಿದ ಸದ್ದು ಕೇಳಿ ನಾನು ಹೋಗಿ ನೋಡಿದೆ. ಅಮ್ಮ ಒಂದು ಕೈಯಲ್ಲಿ ಬಾನೆಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ಕರಿಯ ಮುಚ್ಚಳವೊಂದರ ಕ್ಲಿಪ್ಪು ಬಿಡಿಸುತ್ತಿದ್ದಳು. ಅಜ್ಜಿ ಹಿಂದಿನ ಸೀಟಿನಿಂದ ಇಳಿದು ಬಂದು ತನ್ನ ಎಲೆ‌ಅಡಿಕೆಯ ಡಬ್ಬಿಯನ್ನು ತೆರೆದು ಒಡ್ಡಿದಳು. ಕಂದು ಬಣ್ಣದ ಆ ತುಂಡು ಅದರೊಳಗೆ ಹೋಯಿತು. ಅಮ್ಮ ನನ್ನ ಕಡೆ ತಿರುಗಿ, “ಕೇಳಿದ್ರೆ ಸುಳ್ಳು ಹೇಳೋದು ಬೇಡ. ಅಮ್ಮನ್ನ ಕೇಳು ಅನ್ನು, ಸಾಕು” ಅಂದಳು.

ಬೆಳಿಗ್ಗೆ ಅಪ್ಪಯ್ಯ ಹ್ಯಾಂಡಲ್ ತಿರುಗಿಸಿದ. ಇಂಜಿನ್ನು ಕೆಮ್ಮಲೂ ಇಲ್ಲ. ಪ್ಲಗ್ಗು ಬಿಚ್ಚಿ ನೋಡಿದ, ತಂತಿ ಎಳೆದು ನೋಡಿದ, ಕಡೆಗೆ ಕರಿಯ ಮುಚ್ಚಳ ತೆಗೆದ. ಆಮೇಲೆ ಮಸಿ ಕೈಯಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದ. ಅಮ್ಮ ಕಾವಲಿಯ ಮೇಲೆ ದೋಸೆ ಹುಯ್ಯುತ್ತಿದ್ದಳು.

“ರೋಟರ್ ಎಲ್ಲಿ?”

“ಇದೆ. ಬ್ರೇಕು ಸರಿಯಾದ್ಮೇಲೆ ಸಿಗ್ತದೆ.”

“ಗಿರಿಜಾ, ತಮಾಷೆ ಮಾಡ್ಬೇಡ. ರಾಮಣ್ಣೋರು ಕಾಯ್ತಿರ್ತಾರೆ.”

“ಬೆಳಿಗ್ಗೆನೇ ಹೋಗಿ ಹೇಳಿ ಬಂದೆ. ಗಾಡಿ ಕೆಟ್ಟಿದೆ, ಇವತ್ತು ಬರಲ್ಲ ಅಂತ.”

ಅಪ್ಪಯ್ಯ ಕೋಪದಲ್ಲಿ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಒಪ್ಪಿದ ಬಾಡಿಗೆಗೆ ಹೋಗದಿರುವುದೆಂದರೆ ಅವನಿಗೆ ಊರ ಮಧ್ಯೆ ಅಂಗಿ ಬಿಚ್ಚಿ ನಿಂತಂತೆ.

“ಇಷ್ಟು ವರ್ಷ ಗಾಡಿ ಓಡಿಸ್ದೋನು ನಾನು! ನಂಗೆ ಗೊತ್ತಿಲ್ದಿರೋ ಬ್ರೇಕು ನಿಂಗೆ ಗೊತ್ತನ?”

“ನಂಗೆ ಬ್ರೇಕು ಗೊತ್ತಿಲ್ಲ. ಆದ್ರೆ ಅವತ್ತು ಹಿಂದಿನ ಸೀಟಲ್ಲಿ ಕೂತಿದ್ದೋಳು ನಾನು. ಅಲ್ಲಿ ಕೂತ್ರೆ ಹೆಂಗಿರ್ತದೆ ಅಂತ ನಿಮ್ಗೆ ಗೊತ್ತಿಲ್ಲ.”

ಅವನು ಅಜ್ಜಿಯ ಕಡೆ ತಿರುಗಿದ. “ಅವ್ವಾ, ನಿಂಗಾದ್ರೂ ಗೊತ್ತಿದ್ರೆ ಹೇಳು.”

ಅಜ್ಜಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಎಲೆಯ ನಾರು ತೆಗೆಯುತ್ತಿದ್ದಳು. “ನಂಗೆ ನಿನ್ನ ಗಾಡಿ ವಿಷ್ಯ ಎಂತದೂ ಗೊತ್ತಿಲ್ಲ ಮಾರಾಯಾ. ನಿನ್ನ ಹೆರೋಕೆ ನಾ ತವರಿಗೆ ಎತ್ತಿನ ಗಾಡೀಲಿ ಹೋಗಿದ್ದೆ. ಆ ಎತ್ತಿಗೂ ಹಿಡ್ದು ನಿಲ್ಸೋಕೆ ಮೂಗುದಾರ ಇತ್ತು.”

ಅಪ್ಪಯ್ಯ ದೋಸೆ ಮುಟ್ಟಲಿಲ್ಲ. ಕೈ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು, ಸಾಗರದ ಬಸ್ಸು ಹತ್ತಿಬಿಟ್ಟ. ಎಲ್ಲಿಗೆ, ಯಾಕೆ ಎಂದು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಇನ್ನೊಂದು ರೋಟರ್ ಸಿಗುತ್ತದೆ ಎಂಬುದು ನನಗೂ ಹೊಳೆದಿತ್ತು. ಅಮ್ಮನಿಗೆ ಅದು ಮೊದಲೇ ಹೊಳೆದಿರಲಿಲ್ಲ ಅಂತ ಕಾಣುತ್ತದೆ. ಬಸ್ಸಿನ ಸದ್ದು ದೂರವಾದ ಮೇಲೆ ಒಲೆಯ ಮುಂದೆ ಕುಕ್ಕರಿಸಿ ಕೂತುಬಿಟ್ಟಳು. ಕಾವಲಿಯ ಮೇಲಿನ ದೋಸೆ ಸೀದು ಹೊಗೆ ಬಂದರೂ ಏಳಲಿಲ್ಲ.

“ಅವ್ರು ಅದನ್ನೇ ತಂದ್ರೆ ನಾ ಇವಳನ್ನ ಕರ್ಕೊಂಡು ಮೇಗರವಳ್ಳಿಗೆ ಹೋಗ್ತೀನಿ ಅತ್ತೆ. ಕಣ್ಣಾರೆ ನೋಡ್ತಾ ಇರೋಕೆ ನಂಗಾಗಲ್ಲ.”

ಅಜ್ಜಿ ಕಾವಲಿ ಇಳಿಸಿದಳು. “ಹೋಗೋದಾದ್ರೆ ನಾನೂ ಬರ್ತೀನಿ. ಇಲ್ಲಿ ಅವನಿಗೆ ಬೇಯಿಸಿ ಹಾಕ್ತಾ ಕೂರೋಕೆ ನಂಗೇನು ಹುಚ್ಚಾ?”

ಅಮ್ಮನಿಗೆ ಅಳುವಿನ ನಡುವೆ ನಗು ಬಂತು. ಆದರೂ ಆ ದಿನ ಮನೆ ಮನೆಯ ಹಾಗಿರಲಿಲ್ಲ. ಜಗಳ ಅಂದರೆ ನನಗೆ ಅಲ್ಲಿಯತನಕ ಇಕ್ಕಳದ ಜಗಳ, ತುಪ್ಪದ ಜಗಳ. ಬಟ್ಟೆಗಂಟು ಕಟ್ಟುವ ಜಗಳ ಗೊತ್ತಿರಲಿಲ್ಲ. ಅಪ್ಪಯ್ಯ ಒಳ್ಳೆಯವನು, ಅಮ್ಮ ಒಳ್ಳೆಯವಳು, ಹಾಗಿದ್ದೂ ಹೀಗಾಗಬಹುದು ಎಂಬುದು ಆ ವಯಸ್ಸಿಗೆ ಅರಗುವಂಥದ್ದಲ್ಲ. ಕಾರಿನೊಳಗೆ ಹೋಗಿ ಕೂತು ಮಗ್ಗಿ ಬರೆಯಲು ನೋಡಿದೆ. ಕೈ ಓಡಲಿಲ್ಲ.

ಸಂಜೆಯ ಬಸ್ಸಿಗೆ ಅಪ್ಪಯ್ಯ ಬಂದ. ಬೆಳಿಗ್ಗೆ ತೊಟ್ಟ ಅಂಗಿ ಧೂಳಿಗೆ ಕೆಂಪಾಗಿತ್ತು. ಕಂಕುಳಲ್ಲಿ ಒಂದು ರಟ್ಟಿನ ಪೊಟ್ಟಣ. ರೋಟರಿಗೆ ಅಷ್ಟು ದೊಡ್ಡ ಪೊಟ್ಟಣ ಬೇಕಿರಲಿಲ್ಲ. ಅಮ್ಮನ ಮುಂದೆ ನೆಲದ ಮೇಲಿಟ್ಟು ದಾರ ಬಿಚ್ಚಿದ. ಎಣ್ಣೆಕಾಗದದಲ್ಲಿ ಸುತ್ತಿದ ಹೊಸ ರಬ್ಬರ್ ವಾಷರುಗಳು, ಚಕ್ರದೊಳಗೆ ಕೂರುವ ಸಿಲಿಂಡರುಗಳು, ಒಂದು ಡಬ್ಬಿ ಬ್ರೇಕ್ ಎಣ್ಣೆ. ರೋಟರ್ ಇರಲಿಲ್ಲ.

“ತರೋಕೆ ಅಂತ್ಲೇ ಹೋಗಿದ್ದೆ” ಅಂದ. “ಬಸ್ಸಲ್ಲಿ ಹಿಂದ್ಗಡೆ ಸೀಟು ಸಿಕ್ತು. ಎಷ್ಟು ವರ್ಷ ಆಯ್ತೋ ನಾ ಹಿಂದೆ ಕೂತು. ಡ್ರೈವರ್ ಎಲ್ಲೆಲ್ಲಿ ಬ್ರೇಕ್ ಹೊಡೀಬೇಕೋ ಅಲ್ಲೆಲ್ಲ ನನ್ನ ಕಾಲೂ ನೆಲ ಒತ್ತೋದು. ನನ್ನ ಕಾಲ ಕೆಳಗೆ ಎಂತದೂ ಇಲ್ಲ. ಅವ್ನ ಮುಖಾನೂ ಕಾಣಲ್ಲ. ಸುಮ್ನೆ ನಂಬ್ಕೊಂಡು ಕೂತಿರ್ಬೇಕು ಅಷ್ಟೆ. ಪಕ್ಕದಲ್ಲೊಬ್ಳು ಕೂಸಿಗೆ ಹಾಲು ಕುಡಿಸ್ತಾ ನಿದ್ದೆ ಮಾಡ್ತಿದ್ಲು ಮಾರಾಯ್ತಿ.”

ಇಷ್ಟು ಹೇಳಿ ಅವನು ಪೊಟ್ಟಣದ ದಾರವನ್ನು ಬೆರಳಿಗೆ ಸುತ್ತುತ್ತಾ ಕೂತ. ಅಮ್ಮ ಎದ್ದು ಹೋಗಿ ತಟ್ಟೆ ಹಾಕಿದಳು. ಬೆಳಗಿನ ಹಿಟ್ಟು ಇನ್ನೂ ಉಳಿದಿತ್ತು.

ಮರುದಿನ ಕಾರನ್ನು ಅಂಗಳಕ್ಕೆ ಇಳಿಸಿ, ಚಕ್ರಗಳನ್ನು ಬಿಚ್ಚಿ, ಕಲ್ಲುಗಳ ಮೇಲೆ ನಿಲ್ಲಿಸಿದರು. ಲಾರಿ ಟ್ಯೂಬಿನ ತುಂಡುಗಳು ಹೊರಗೆ ಬಂದಾಗ ಹರಳೆಣ್ಣೆಯಲ್ಲಿ ಉಬ್ಬಿ ನೆನೆದ ಹಪ್ಪಳದಂತಿದ್ದವು. ಅಪ್ಪಯ್ಯ ಅವನ್ನು ಅಮ್ಮನಿಗೆ ತೋರಿಸಿ, ದೂರ ಎಸೆದ. ಹೊಸದನ್ನೆಲ್ಲ ಜೋಡಿಸಿಯಾದ ಮೇಲೆ ಕೊಳವೆಯೊಳಗೆ ಸೇರಿದ ಗಾಳಿಯನ್ನು ಹೊರಗೆ ತೆಗೆಯಬೇಕು. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಒಳಗೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ತಿರುಪು ಸಡಿಲಿಸಿ ಬಿಗಿ ಮಾಡಬೇಕು. ಹಾಗೆ ಅಮ್ಮ ಸೆರಗು ಸಿಕ್ಕಿಸಿಕೊಂಡು ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತಳು. ಅಪ್ಪಯ್ಯನ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು.

“ಒತ್ತು.”

“ಒತ್ತಿದೀನಿ.”

“ಹಿಡ್ಕೊ… ಹಿಡ್ಕೊ… ಈಗ ಬಿಡು.”

“ಬಿಟ್ಟೆ.”

ನಾನು ಜಗಲಿಯಲ್ಲಿ ಕೂತು ಕೇಳುತ್ತಿದ್ದೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಒಂದೊಂದು ಚಕ್ರಕ್ಕೂ ಅದೇ ಮಾತು, ಅದೇ ಉತ್ತರ. ಕೇಳುತ್ತಾ ಕೇಳುತ್ತಾ ದನಿಗಳು ಮೆತ್ತಗಾದವು. ಕೆಳಗಿನಿಂದ ಅಪ್ಪಯ್ಯ ಏನೋ ಅಂದ, ಅಮ್ಮ ಕಿಸಕ್ಕನೆ ನಕ್ಕು “ಥೂ, ಮಗು ಕೂತಿದೆ” ಅಂದಳು. ಅವನು ಏನು ಹೇಳಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಪೆಡಲು ಹೆಂಗಿದೆ?”

“ಇನ್ನೂ ಸ್ವಲ್ಪ ಮೆತ್ತಗೆ.”

“ಇಷ್ಟು ಸಾಕು ಕಣೆ.”

“ಸಾಲ್ದು. ಇನ್ನೊಂದು ಸಲ.”

ಅವನು ಮತ್ತೆ ತಿರುಪಿಗೆ ಕೈ ಹಾಕಿದ. ಗಟ್ಟಿಯಾಯಿತು ಅಂತ ಅಮ್ಮ ಅನ್ನುವತನಕ ಮಾಡಿದ. ಆಮೇಲೆ ಅಜ್ಜಿ ರೋಟರನ್ನು ತಂದುಕೊಟ್ಟಳು. ಸುಣ್ಣ ಹತ್ತಿದ್ದನ್ನು ಅಪ್ಪಯ್ಯ ಅಂಗಿಯ ತುದಿಯಲ್ಲಿ ಒರೆಸಿ, ತಾಯಿಯ ಮುಖ ನೋಡಿ ತಲೆ ಆಡಿಸಿದ. ನಮ್ಮೆಲ್ಲರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರಾಚೆಯ ಇಳಿಜಾರಿಗೆ ಹೋದ. ಅರ್ಧ ಇಳಿದು ಬ್ರೇಕು ಒತ್ತಿದ. ಕಾರು ಎಷ್ಟು ಗಟ್ಟಿಯಾಗಿ ನಿಂತಿತೆಂದರೆ ನಾವು ಮೂವರೂ ಮುಂದಿನ ಸೀಟಿಗೆ ಹೋಗಿ ಬಡಿದೆವು. ಅಜ್ಜಿ ಬಯ್ದಳು. ಅಮ್ಮ ಕೂದಲು ಸರಿಮಾಡಿಕೊಂಡು “ಇನ್ನೊಮ್ಮೆ” ಅಂದಳು.

ಜವಳಿ ಅಂಗಡಿಯ ರಾಮಣ್ಣನವರು ಅಷ್ಟರಲ್ಲಿ ಬೇರೆ ಕಾರು ಮಾಡಿಕೊಂಡಿರಬಹುದೆಂದು ಅಪ್ಪಯ್ಯ ಆಸೆ ಬಿಟ್ಟಿದ್ದ. ಅವರು ಮಾಡಿಕೊಂಡಿರಲಿಲ್ಲ. ಕಾರು ಮತ್ತೆ ಓಡಿದ ಸುದ್ದಿ ಕೇಳಿ, ಮರುದಿನ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಮಗಳು, ಹೆಂಡತಿ, ತೊಟ್ಟಿಲು, ಡಬ್ಬಗಳ ಸಮೇತ ಮನೆ ಮುಂದೆ ನಿಂತಿದ್ದರು. ಬಾಣಂತಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ರಾಮಣ್ಣನವರು ಕಾರಿನ ಉಜ್ಜಿದ ಪಕ್ಕೆಯನ್ನು ಅನುಮಾನದಿಂದ ನೋಡಿದರು.

“ಗಾಡಿ ಸರಿಯಾಗಿದ್ಯನಪ್ಪಾ? ಕೂಸಿದೆ ನೋಡು.”

ಇಂಥ ಪ್ರಶ್ನೆಗೆ ಅಪ್ಪಯ್ಯನ ಬಳಿ ಯಾವಾಗಲೂ ಸಿದ್ಧವಾಗಿ ಒಂದು ನಗು, ಒಂದು ದೊಡ್ಡ ಮಾತು ಇರುತ್ತಿತ್ತು. ಅವನು ಬಾಯಿ ತೆರೆದವನು ಮುಚ್ಚಿಕೊಂಡ. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದ ಅಮ್ಮನ ಕಡೆ ತೋರಿಸಿದ.

“ಅವಳನ್ನ ಕೇಳಿ.”

ಅಮ್ಮ ಒಂದು ಕ್ಷಣ ತಬ್ಬಿಬ್ಬಾದಳು. ಆಮೇಲೆ ಮುಂದೆ ಬಂದು, ಬಾಣಂತಿಯ ಕೈಯಿಂದ ಮಗುವನ್ನು ಎತ್ತಿಕೊಂಡು, ಹಗ್ಗ ಬಿಚ್ಚಿ ಹಿಂದಿನ ಬಾಗಿಲು ತೆರೆದಳು.

“ಸರಿಯಿದೆ, ಹತ್ತು ತಂಗಿ” ಅಂದಳು.